ಬೆಳ್ಳಕ್ಕಿ ಎಲ್ಲಿ ಅಪರೂಪ?

ಊರಿನಲ್ಲಿರುವ ನಿಮ್ಮ ಅಜ್ಜಿಗೆ ಫೋನ್ ಮಾಡಿ, "ಅಜ್ಜೀ, ನಿನ್ನೆ ಎರಡು ಗಂಟೆ ಕಾರಿನಲ್ಲಿ ಹೋಗಿ ಒಂದು ಬೆಳ್ಳಕ್ಕಿ ನೋಡಿಕೊಂಡು ಬಂದ್ವಿ" ಅಂತ ಹೇಳಿ ನೋಡಿ. ಅಜ್ಜಿ ನಕ್ಕೇ ನಗುತ್ತಾರೆ. ಗದ್ದೆಯ ಬದುವಿನ ಮೇಲೆ, ಕೆರೆಯ ಅಂಚಿನಲ್ಲಿ, ಊರ ಮುಂದಿನ ಚರಂಡಿಯಲ್ಲೂ ನಿಂತಿರುವ ಹಕ್ಕಿ ಅದು. ಅದನ್ನು ನೋಡುವುದಕ್ಕೆ ಕಾರು ಬೇಕೇ?

ಆದರೆ ನಾನಿರುವ ಬಾಸ್ಟನ್ ಕಡೆಯಲ್ಲಿ ಜನ ನಿಜವಾಗಿಯೂ ಹಾಗೆ ಹೋಗುತ್ತಾರೆ. ಇಲ್ಲಿಂದ ಉತ್ತರಕ್ಕೆ, ಮೇನ್ ರಾಜ್ಯದ ದಕ್ಷಿಣ ಕರಾವಳಿಯ ಉಪ್ಪುನೀರಿನ ಜವುಗಿನಲ್ಲಿ, ಇತ್ತೀಚಿನ ವರ್ಷಗಳಲ್ಲಿ ವಸಂತ ಬಂತೆಂದರೆ ಒಂದೋ ಎರಡೋ ಬೆಳ್ಳಕ್ಕಿ ಕಾಣಿಸಿಕೊಳ್ಳುತ್ತವೆ. ಇಂಗ್ಲಿಷಿನಲ್ಲಿ ಅದರ ಹೆಸರು ಲಿಟಲ್ ಈಗ್ರೆಟ್. ಸುದ್ದಿ ಬಂದ ದಿನ ದುರ್ಬೀನು ಹಿಡಿದವರ ಸಾಲು ರಸ್ತೆ ಬದಿಯಲ್ಲಿ ನಿಂತಿರುತ್ತದೆ. ನಿಮ್ಮ ಅಜ್ಜಿಯ ಗದ್ದೆಯ ಬೆಳ್ಳಕ್ಕಿಯ ಪ್ರಭೇದವೇ ಅದು. ಕೊಕ್ಕು, ಕಾಲು, ಗರಿ ಯಾವುದೂ ಬದಲಾಗಿಲ್ಲ, ಜಾಗ ಮಾತ್ರ ಬದಲಾಗಿದೆ.

ಇವತ್ತಿನ ಮಾತಿನಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ: ಅಪರೂಪ ಎನ್ನುವುದು ಹಕ್ಕಿಯ ಬಣ್ಣದಲ್ಲಿಲ್ಲ, ಅದು ಜಾಗದ ಮತ್ತು ಕಾಲದ ಮಾತು. ಆ ಜಾಗದಲ್ಲಿ, ಆ ಕಾಲದಲ್ಲಿ ಸಾಮಾನ್ಯವಾಗಿ ಏನಿರುತ್ತದೆ ಎಂದು ತಿಳಿದವರ ಕಣ್ಣಿಗೆ ಮಾತ್ರ ಅಪರೂಪದ್ದು ಕಾಣುತ್ತದೆ. ಕಂಡ ಮೇಲೆ ಆ ಹಕ್ಕಿಯ ಬಗ್ಗೆ ನಮಗೊಂದು ಹೊಣೆಯೂ ಬರುತ್ತದೆ.

ಮೊದಲು ಕಾಲದ ವಿಷಯ. ಯುಗಾದಿ ಹೊತ್ತಿಗೆ ಊರಿನಲ್ಲಿ ಮಾವಿನ ಚಿಗುರು, ಬೇವಿನ ಹೂವು. ಬಾಸ್ಟನ್ನಿನಲ್ಲಿ ಆಗಿನ್ನೂ ಪಾರ್ಕಿಂಗ್ ಲಾಟಿನ ಮೂಲೆಯಲ್ಲಿ ಕಪ್ಪಾದ ಹಿಮದ ಗುಡ್ಡೆ ಇರುತ್ತದೆ, ಮರಗಳು ಬೋಳು. "ಇದೆಂಥ ವಸಂತ" ಅಂತ ನಾವು ಗೊಣಗುತ್ತೇವೆ. ಆದರೆ ಹಕ್ಕಿ ನೋಡುವವರಿಗೆ ಮಾರ್ಚ್ ತಿಂಗಳು ಬಹಳ ಒಳ್ಳೆಯದು. ಎರಡು ಋತುಗಳ ಹಕ್ಕಿಗಳು ಆಗ ಒಂದೇ ಕಡಲ ತೀರದಲ್ಲಿ ಸಿಗುತ್ತವೆ. ಉತ್ತರ ಧ್ರುವದ ಕಡೆಯಿಂದ ಚಳಿಗಾಲಕ್ಕೆಂದು ಬಂದಿದ್ದ ಬಿಳಿ ಗೂಬೆ ಇನ್ನೂ ಹೊರಟಿರುವುದಿಲ್ಲ. ಕೇಪ್ ಆನ್‌ನ ಬಂಡೆಗಳಿಗೆ ಅಲೆ ಹೊಡೆಯುವ ಜಾಗದಲ್ಲಿ ಹಾರ್ಲಿಕ್ವಿನ್ ಬಾತುಗಳು ಇನ್ನೂ ತೇಲುತ್ತಿರುತ್ತವೆ. ಅದೇ ವಾರಗಳಲ್ಲಿ ದಕ್ಷಿಣದಿಂದ ಕೆಂಪು ಭುಜದ ಬ್ಲ್ಯಾಕ್‌ಬರ್ಡ್‌ಗಳು ಬಂದು ಜವುಗಿನ ಜೊಂಡಿನ ಮೇಲೆ ಕೂತು ಕೂಗಲು ಶುರು ಮಾಡುತ್ತವೆ. ಸಂಜೆಗತ್ತಲಲ್ಲಿ ವುಡ್‌ಕಾಕ್ ಎಂಬ ಗಿಡ್ಡ ಹಕ್ಕಿ ಸುತ್ತು ಸುತ್ತುತ್ತ ಆಕಾಶಕ್ಕೆ ಏರಿ ಇಳಿಯುತ್ತದೆ. ತಿಂಗಳ ಕೊನೆಗೆ ಮೀನು ಹಿಡಿಯುವ ಆಸ್ಪ್ರೇ ಹದ್ದುಗಳು ಹಳೆಯ ಗೂಡಿಗೆ ಮರಳುತ್ತವೆ. ಆಸ್ಪ್ರೇ ನಮ್ಮ ಊರಿಗೂ ಹೊಸದಲ್ಲ. ಅದೇ ಪ್ರಭೇದದ ಹಕ್ಕಿಗಳು ಏಷ್ಯಾದ ಉತ್ತರ ಭಾಗದಿಂದ ಚಳಿಗಾಲದಲ್ಲಿ ಕಬಿನಿ ಹಿನ್ನೀರಿಗೆ ಬರುತ್ತವೆ.

ಹೀಗೆ ಹೋಗುವವರು, ಬರುವವರು ಸೇರಿದ ಗಡಿಬಿಡಿಯಲ್ಲಿ ಕೆಲವರು ದಾರಿ ತಪ್ಪುತ್ತಾರೆ. ಅದಕ್ಕೆ ಕಾರಣಗಳೂ ಬೇರೆ ಬೇರೆ. ಅಟ್ಲಾಂಟಿಕ್‌ನಿಂದ ಬೀಸುವ ಈಶಾನ್ಯದ ಬಿರುಗಾಳಿ, ಇಲ್ಲಿನವರು ನಾರ್‌ಈಸ್ಟರ್ ಅನ್ನುವುದು, ನಡುಗಡಲಲ್ಲೇ ಬದುಕುವ ಡವ್‌ಕೀಯಂಥ ಪುಟ್ಟ ಹಕ್ಕಿಗಳನ್ನು ದಡಕ್ಕೆ ತಳ್ಳುತ್ತದೆ. ದಕ್ಷಿಣದ ಬೆಚ್ಚನೆಯ ಗಾಳಿ ಜೋರಾಗಿ ಬೀಸಿದಾಗ ಕೆಲವು ಹಕ್ಕಿಗಳು ತಾವು ಇಳಿಯಬೇಕಾದ ಊರನ್ನು ದಾಟಿ ನೂರಾರು ಮೈಲಿ ಉತ್ತರಕ್ಕೆ ಬಂದುಬಿಡುತ್ತವೆ. ರೈಲಿನಲ್ಲಿ ನಿದ್ದೆ ಹೋಗಿ ನಮ್ಮ ಸ್ಟೇಷನ್ ದಾಟಿಬಿಡುತ್ತೇವಲ್ಲ, ಹಾಗೆ. ಮೊದಲ ಸಲ ವಲಸೆ ಹೊರಟ ಎಳೆಯ ಹಕ್ಕಿಗಳು ದಿಕ್ಕನ್ನೇ ತಪ್ಪಾಗಿ ಹಿಡಿಯುವುದೂ ಉಂಟು. ಗ್ರೀನ್‌ಲ್ಯಾಂಡ್, ಐಸ್‌ಲ್ಯಾಂಡ್ ಕಡೆಯ ಗುಲಾಬಿ ಕಾಲಿನ ಹೆಬ್ಬಾತು, ಅಂದರೆ ಪಿಂಕ್‌ಫುಟೆಡ್ ಗೂಸ್, ಯೂರೋಪಿಗೆ ಹೋಗುವ ಬದಲು ಇಲ್ಲಿನ ಕೆನಡಾ ಹೆಬ್ಬಾತುಗಳ ಹಿಂಡಿನಲ್ಲಿ ಸೇರಿಕೊಂಡು ಮ್ಯಾಸಚೂಸೆಟ್ಸ್‌ನ ಮೈದಾನದಲ್ಲಿ ಹುಲ್ಲು ಮೇಯುತ್ತಿರುತ್ತದೆ. ನೂರಾರು ಸಾಮಾನ್ಯ ಹೆಬ್ಬಾತುಗಳ ನಡುವೆ ಅದೊಂದೇ ಒಂದು. ಬೇಸರಪಡದೆ ಎಲ್ಲವನ್ನೂ ಒಂದೊಂದಾಗಿ ನೋಡಿದವರಿಗೆ ಅದು ಸಿಗುತ್ತದೆ.

ಇಲ್ಲೊಂದು ಅನುಮಾನವನ್ನು ಯಾವಾಗಲೂ ಇಟ್ಟುಕೊಳ್ಳಬೇಕು: ಹಕ್ಕಿ ತಾನಾಗಿ ಹಾರಿ ಬಂತೋ, ಯಾರದೋ ಪಂಜರದಿಂದ ತಪ್ಪಿಸಿಕೊಂಡಿತೋ? ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲದಲ್ಲಿ ಹಿಮಾಲಯ ದಾಟಿ ಸಾವಿರಾರು ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಅಂಥದ್ದೊಂದು ಬಾಸ್ಟನ್ನಿನ ಕೊಳದಲ್ಲಿ ಕಂಡರೆ ನಮಗೆ ಊರಿನವರೇ ಸಿಕ್ಕಷ್ಟು ಖುಷಿಯಾಗಬಹುದು. ಆದರೆ ತಿಳಿದವರು ಅದನ್ನು ಅಪರೂಪದ ಪಟ್ಟಿಗೆ ಸೇರಿಸುವುದಿಲ್ಲ, ಅದು ಸಾಕಿದ ಹಕ್ಕಿ ತಪ್ಪಿಸಿಕೊಂಡದ್ದು ಎಂದೇ ಬರೆಯುತ್ತಾರೆ.

ಇನ್ನು ಗುರುತು ಹಿಡಿಯುವುದು ಹೇಗೆ? ಮತ್ತೆ ಬೆಳ್ಳಕ್ಕಿಯನ್ನೇ ತೆಗೆದುಕೊಳ್ಳಿ. ನ್ಯೂ ಇಂಗ್ಲೆಂಡಿನಲ್ಲಿ ಸ್ನೋಯಿ ಈಗ್ರೆಟ್ ಎಂಬ ಇಲ್ಲಿನದೇ ಬಿಳಿ ಕೊಕ್ಕರೆ ಇದೆ. ನಮ್ಮ ಬೆಳ್ಳಕ್ಕಿಗೂ ಅದಕ್ಕೂ ಅವಳಿಗಳಷ್ಟು ಹೋಲಿಕೆ. ಎರಡಕ್ಕೂ ಕಪ್ಪು ಕೊಕ್ಕು, ಕಪ್ಪು ಕಾಲು, ಹಳದಿ ಪಾದ. ವ್ಯತ್ಯಾಸ ಇರುವುದು ಕಣ್ಣಿಗೂ ಕೊಕ್ಕಿಗೂ ನಡುವಿನ ಬರಿಯ ಚರ್ಮದಲ್ಲಿ. ಸ್ನೋಯಿಗೆ ಅದು ಹೊಳೆಯುವ ಹಳದಿ, ಬೆಳ್ಳಕ್ಕಿಗೆ ಹೆಚ್ಚಾಗಿ ಬೂದು. ಗೂಡು ಕಟ್ಟುವ ಕಾಲದಲ್ಲಿ ಬೆಳ್ಳಕ್ಕಿಯ ತಲೆಯ ಹಿಂದೆ ಎರಡು ಉದ್ದ ಗರಿಗಳು ದಾರದ ಹಾಗೆ ಇಳಿಬಿದ್ದಿರುತ್ತವೆ, ಸ್ನೋಯಿಯ ತಲೆಯ ಗರಿ ಪೊದೆಯಂತೆ ಕೆದರಿರುತ್ತದೆ. ನೂರು ಸ್ನೋಯಿಗಳನ್ನು ಸರಿಯಾಗಿ ನೋಡಿದವರಿಗೆ ನೂರೊಂದನೆಯದು ಬೇರೆ ಎಂದು ಹೊಳೆಯುತ್ತದೆ. ಆ ನೂರನ್ನು ನೋಡದವರ ಮುಂದೆ ಬೆಳ್ಳಕ್ಕಿ ಬಂದು ನಿಂತರೂ ಅದೊಂದು ಬಿಳಿ ಹಕ್ಕಿ, ಅಷ್ಟೇ.

ಬಾಸ್ಟನ್ ಸೀಮೆಯ ಬಹು ಪ್ರಸಿದ್ಧ ಅಪರೂಪದ ಹಕ್ಕಿಯೂ ಹೀಗೇ ಸಿಕ್ಕಿದ್ದು. 1975ರ ಆರಂಭದ ತಿಂಗಳುಗಳಲ್ಲಿ, ನಗರದ ಉತ್ತರಕ್ಕಿರುವ ನ್ಯೂಬರಿಪೋರ್ಟ್ ಬಂದರಿನಲ್ಲಿ ಸಣ್ಣ ಜಾತಿಯ ಕಡಲಕ್ಕಿಗಳ ಗುಂಪನ್ನು ಗಮನಿಸುತ್ತಿದ್ದವರಿಗೆ ಒಂದು ಹಕ್ಕಿ ಬೇರೆಯಾಗಿ ಕಂಡಿತು. ಅದು ರಾಸ್ ಗಲ್, ಸೈಬೀರಿಯದ ಮೇಲ್ತುದಿಯಲ್ಲಿ ಮರಿ ಮಾಡುವ, ಎದೆಯ ಮೇಲೆ ತೆಳು ಗುಲಾಬಿ ಛಾಯೆಯ ಕಡಲಕ್ಕಿ. ಸುದ್ದಿ ಪತ್ರಿಕೆಗಳ ಮುಖಪುಟಕ್ಕೆ ಬಂತು. ದೇಶದ ಮೂಲೆ ಮೂಲೆಯಿಂದ ಸಾವಿರಾರು ಜನ ಆ ಪುಟ್ಟ ಬಂದರಿಗೆ ಬಂದು ಚಳಿಯಲ್ಲಿ ನಿಂತರು. ಇಂಟರ್ನೆಟ್ ಇಲ್ಲದ ಕಾಲವದು. "ಅಯ್ಯೋ, ಬರೀ ಕಡಲಕ್ಕಿ" ಎಂದು ಕಣ್ಣು ಬೇರೆ ಕಡೆ ತಿರುಗಿಸಿದ್ದರೆ ಆ ಕತೆಯೇ ಇರುತ್ತಿರಲಿಲ್ಲ.

ಅಪರೂಪದ ಒಂದು ಸಾಲನ್ನು ಬರೆದಿಟ್ಟರೆ ಏನು ಪ್ರಯೋಜನ ಎಂದು ನೀವು ಕೇಳಬಹುದು. ಅದಕ್ಕೆ ಉತ್ತರ ಇನ್ನೊಂದು ಪರಿಚಿತ ಹಕ್ಕಿಯಲ್ಲಿದೆ. ಊರಿನಲ್ಲಿ ಮೇಯುವ ದನಗಳ ಬೆನ್ನ ಮೇಲೆ, ಕಾಲ ಬುಡದಲ್ಲಿ ಓಡಾಡುವ ಗೋವಕ್ಕಿ ಗೊತ್ತಲ್ಲ? ಅದರ ಆಫ್ರಿಕದ ಬಂಧುಗಳು ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಯಾರ ಸಹಾಯವೂ ಇಲ್ಲದೆ ಅಟ್ಲಾಂಟಿಕ್ ದಾಟಿ ದಕ್ಷಿಣ ಅಮೆರಿಕ ಸೇರಿದವು. 1952ರ ಏಪ್ರಿಲ್ ತಿಂಗಳಲ್ಲಿ ಬಾಸ್ಟನ್ನಿಗೆ ಹತ್ತಿರದ ವೇಲ್ಯಾಂಡ್‌ನಲ್ಲಿ ಅಂಥದ್ದೊಂದು ಕಂಡಿತು. ಆ ಕಾಲದ ಪದ್ಧತಿಯಂತೆ ಸಾಕ್ಷಿಗೆಂದು ಅದನ್ನು ಹೊಡೆದು ಇಟ್ಟುಕೊಂಡರು. ಉತ್ತರ ಅಮೆರಿಕದಲ್ಲಿ ಸಂಗ್ರಹವಾದ ಮೊದಲ ಗೋವಕ್ಕಿ ಅದು. ಮರು ವರ್ಷವೇ ಫ್ಲಾರಿಡಾದಲ್ಲಿ ಗೋವಕ್ಕಿಯ ಗೂಡು ಸಿಕ್ಕಿತು. ಇವತ್ತು ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಅದು ಹಸುವಿನಷ್ಟೇ ಸಾಮಾನ್ಯ. ಅವತ್ತು ವೇಲ್ಯಾಂಡಿನಲ್ಲಿ ಕಂಡದ್ದು ದಾರಿ ತಪ್ಪಿದ ಒಂಟಿ ಹಕ್ಕಿಯಲ್ಲ, ಬರಲಿರುವ ದೊಡ್ಡ ದಂಡಿನ ಮುಂಗಾಲು. ನಮ್ಮ ಬೆಳ್ಳಕ್ಕಿಯೂ 1994ರಿಂದ ಕೆರಿಬಿಯನ್‌ನ ಬಾರ್ಬಡೋಸ್ ದ್ವೀಪದಲ್ಲಿ ಗೂಡು ಕಟ್ಟುತ್ತಿದೆ. ಮೇನ್‌ನಲ್ಲಿ ಕಾಣುವ ಒಂದೆರಡು ಹಕ್ಕಿಗಳನ್ನು ಜನ ಅಷ್ಟು ಶ್ರದ್ಧೆಯಿಂದ ಬರೆದಿಡುವುದು ಇದಕ್ಕೇ.

ಇದರ ಉಲ್ಟಾ ಕತೆಯೂ ಇದೆ. ಎಸ್ಕಿಮೋ ಕರ್ಲ್ಯೂ ಎಂಬ ಬಾಗಿದ ಕೊಕ್ಕಿನ ಹಕ್ಕಿ ಹತ್ತೊಂಬತ್ತನೇ ಶತಮಾನದಲ್ಲಿ ಇದೇ ಕರಾವಳಿಯಲ್ಲಿ ದೊಡ್ಡ ದೊಡ್ಡ ಹಿಂಡುಗಳಲ್ಲಿ ಇಳಿಯುತ್ತಿತ್ತು. ಬೇಟೆಗಾರರು ಗುಂಪು ಗುಂಪಾಗಿ ಹೊಡೆದರು, ವಸಂತದಲ್ಲಿ ಅದು ತಂಗುತ್ತಿದ್ದ ನಡುನಾಡಿನ ಹುಲ್ಲುಗಾವಲು ಉಳುಮೆಗೆ ಹೋಯಿತು. ಮೊದಲು ಸಾಮಾನ್ಯವಾಗಿದ್ದದ್ದು ಅಪರೂಪವಾಯಿತು, ಆಮೇಲೆ ಇಲ್ಲವೇ ಆಯಿತು. ಅದು ಖಚಿತವಾಗಿ ಕಂಡ ಕೊನೆಯ ವರ್ಷ 1963. ಹಾಗಾಗಿ ಪಟ್ಟಿ ಬರೆಯುವಾಗ ಅಪರೂಪದ್ದನ್ನು ಮಾತ್ರ ಬರೆದರೆ ಸಾಲದು. ಇವತ್ತಿನ ಹತ್ತು ಸಾಮಾನ್ಯ ಹಕ್ಕಿಗಳನ್ನೂ ಎಣಿಸಿ ಬರೆಯಬೇಕು. ಅವುಗಳಲ್ಲಿ ಯಾವುದು ಕಡಿಮೆಯಾಗುತ್ತಿದೆ ಎಂದು ನಾಳೆ ತಿಳಿಯುವುದು ಆ ಎಣಿಕೆಯಿಂದಲೇ.

ಬರೆಯುವುದು ನಿಮಗೆ ಕಷ್ಟವೇನಲ್ಲ, ಫೋನ್ ಕೈಯಲ್ಲೇ ಇದೆ. ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯದವರು 2002ರಲ್ಲಿ ಶುರು ಮಾಡಿದ ಈಬರ್ಡ್‌ನಲ್ಲಿ ಯಾರು ಬೇಕಾದರೂ ತಾವು ಕಂಡ ಹಕ್ಕಿಗಳ ಪಟ್ಟಿ ಹಾಕಬಹುದು. ಆ ಜಾಗಕ್ಕೆ, ಆ ವಾರಕ್ಕೆ ಹೊಂದದ ಹೆಸರು ಹಾಕಿದರೆ ಅದು ವಿವರ ಕೇಳುತ್ತದೆ. ಆಮೇಲೆ ಆ ಪ್ರದೇಶ ಬಲ್ಲ ಸ್ವಯಂಸೇವಕರು ಓದಿ ನೋಡುತ್ತಾರೆ, ಬೇಕಾದರೆ ನಿಮ್ಮನ್ನು ಪ್ರಶ್ನೆ ಕೇಳುತ್ತಾರೆ. ಬಹಳ ಅಪರೂಪದ್ದಾದರೆ ರಾಜ್ಯದ ದಾಖಲೆ ಸಮಿತಿಯೂ ಪರಿಶೀಲಿಸುತ್ತದೆ. ಅವರು ಪ್ರಶ್ನೆ ಕೇಳಿದರೆ ಅವಮಾನ ಅಂದುಕೊಳ್ಳಬೇಡಿ. ಹಳೆಗನ್ನಡ ಓದುವಾಗ ನಮ್ಮ ಮೇಷ್ಟ್ರು ಒಂದು ಶಬ್ದಕ್ಕೆ ಅರ್ಥ ಹೇಳಿದರೆ "ಯಾವ ಆಧಾರದ ಮೇಲೆ?" ಅಂತ ಕೇಳುತ್ತಿದ್ದರು. ಇದೂ ಅದೇ ಪಾಠ.

ಆಧಾರ ಅಂದರೆ ಏನು? ದೊಡ್ಡ ಕ್ಯಾಮೆರಾವೇ ಬೇಕೆಂದಿಲ್ಲ. ಪಕ್ಕದಲ್ಲಿದ್ದ ಗೊತ್ತಿರುವ ಹಕ್ಕಿಗಿಂತ ಅದು ದೊಡ್ಡದೋ ಚಿಕ್ಕದೋ, ಕೊಕ್ಕಿನ ಆಕಾರ ಹೇಗೆ, ಕಾಲಿನ ಬಣ್ಣ ಯಾವುದು, ಹಾರುವಾಗ ರೆಕ್ಕೆಯ ಮೇಲೆ ಪಟ್ಟೆ ಕಂಡಿತೇ, ಏನು ಮಾಡುತ್ತಿತ್ತು, ಎಷ್ಟು ಹೊತ್ತು ನೋಡಿದಿರಿ. ಇಷ್ಟನ್ನು ಅಲ್ಲೇ ನಿಂತು ಬರೆದುಕೊಳ್ಳಿ. ಪುಸ್ತಕ ತೆರೆಯುವುದು ಆಮೇಲೆ. ಮೊದಲೇ ಚಿತ್ರ ನೋಡಿಬಿಟ್ಟರೆ, ಕಣ್ಣು ಕಂಡದ್ದನ್ನು ಬಿಟ್ಟು ಮನಸ್ಸು ಬಯಸಿದ್ದನ್ನು ಬರೆಯುತ್ತದೆ. ಮರ್ಲಿನ್ ಆ್ಯಪ್ ಹಕ್ಕಿಯ ಕೂಗು ಕೇಳಿ ಹೆಸರು ತೋರಿಸುತ್ತದೆ, ಒಳ್ಳೆಯದೇ. ಆದರೆ ಅದನ್ನು ಸಲಹೆ ಎಂದು ತೆಗೆದುಕೊಳ್ಳಿ, ನಿಮ್ಮ ಕಣ್ಣು ಒಪ್ಪುವವರೆಗೆ ಪಟ್ಟಿಗೆ ಏರಿಸಬೇಡಿ.

ಇನ್ನು ಹೊಣೆಯ ಮಾತು. ನಮಗೆ ಸಂಭ್ರಮವಾದದ್ದು ಹಕ್ಕಿಗೆ ಸಂಕಟವಾಗಿರಬಹುದು. 2018ರ ಏಪ್ರಿಲ್‌ನಲ್ಲಿ ಟೆಕ್ಸಾಸ್‌ನಲ್ಲಿ ಗ್ರೇಟ್ ಬ್ಲ್ಯಾಕ್ ಹಾಕ್ ಎಂಬ ಗಿಡುಗ ಕಂಡಿತು. ಅದು ಮೆಕ್ಸಿಕೊ ಮತ್ತು ಅದರಾಚೆಯ ಬಿಸಿಲು ನಾಡಿನ ಹಕ್ಕಿ. ಅದೇ ಆಗಸ್ಟ್‌ನಲ್ಲಿ ಮೇನ್ ರಾಜ್ಯದಲ್ಲಿ ಒಂದು ಕಂಡಿತು. ಜನ ತೆಗೆದ ಫೋಟೋಗಳಲ್ಲಿ ರೆಕ್ಕೆಯ ಗರಿಗಳ ಗುರುತುಗಳನ್ನು ಹೋಲಿಸಿ, ಎರಡೂ ಒಂದೇ ಹಕ್ಕಿ ಎಂದು ಕಂಡುಕೊಂಡರು. ಚಳಿಗಾಲದಲ್ಲಿ ಅದು ಪೋರ್ಟ್‌ಲ್ಯಾಂಡ್ ನಗರದ ಡೀರಿಂಗ್ ಓಕ್ಸ್ ಪಾರ್ಕಿನಲ್ಲಿ ಅಳಿಲು ಹಿಡಿದು ತಿನ್ನುತ್ತ ಬದುಕಿತು. ನೋಡಲು ಬಂದವರು ಅಸಂಖ್ಯ. 2019ರ ಜನವರಿಯ ಹಿಮಪಾತದಲ್ಲಿ ಅದು ನೆಲದ ಮೇಲೆ ಬಿದ್ದಿದ್ದದ್ದು ಕಂಡಿತು, ಕಾಲುಗಳು ಹೆಪ್ಪುಗಟ್ಟಿ ಸತ್ತುಹೋಗಿದ್ದವು. ಆರೈಕೆ ಮಾಡಿದರೂ ಉಳಿಯುವ ದಾರಿ ಇರಲಿಲ್ಲ, ಕೊನೆಗೆ ನೋವಿಲ್ಲದಂತೆ ಅದಕ್ಕೆ ಸಾವು ಕೊಡಬೇಕಾಯಿತು. ಆ ಪಾರ್ಕಿನಲ್ಲಿ ಈಗ ಅದರ ನೆನಪಿಗೊಂದು ಶಿಲ್ಪವಿದೆ. ದಾರಿ ತಪ್ಪಿದ ಹಕ್ಕಿಯನ್ನು ಕಂಡಾಗ ಅದು ದಣಿದಿರಬಹುದು, ಹಸಿದಿರಬಹುದು ಎನ್ನುವುದು ಮೊದಲು ನೆನಪಿಗೆ ಬರಬೇಕು. ನೀವು ಹತ್ತಿರ ಹೋಗಿ ಅದನ್ನು ಒಮ್ಮೆ ಹಾರಿಸಿದರೆ, ಅದರ ಮೈಯಲ್ಲಿ ಉಳಿದ ಶಕ್ತಿಯಲ್ಲಿ ಒಂದಿಷ್ಟನ್ನು ಖರ್ಚು ಮಾಡಿಸಿದಂತೆ.

ಬಿಳಿ ಗೂಬೆಗೂ ಇದೇ ಮಾತು. ಮರವಿಲ್ಲದ ಧ್ರುವ ಬಯಲಿನಿಂದ ಬಂದ ಗೂಬೆಗೆ ಬಾಸ್ಟನ್ನಿನ ಲೋಗನ್ ವಿಮಾನ ನಿಲ್ದಾಣ ತನ್ನ ಊರಿನ ಹಾಗೇ ಕಾಣುತ್ತದೆ. ವಿಮಾನಗಳಿಗೂ ಗೂಬೆಗಳಿಗೂ ಡಿಕ್ಕಿಯಾಗದಂತೆ, ಮಾಸ್ ಆಡುಬಾನ್ ಸಂಸ್ಥೆಯ ನಾರ್ಮನ್ ಸ್ಮಿತ್ 1981ರಿಂದ ನೂರಾರು ಗೂಬೆಗಳನ್ನು ಅಲ್ಲಿ ಹಿಡಿದು ಸುರಕ್ಷಿತ ಜಾಗಗಳಲ್ಲಿ ಬಿಟ್ಟಿದ್ದಾರೆ. ಕಡಲ ತೀರದ ಮರಳ ದಿಬ್ಬದ ಮೇಲೆ ಗೂಬೆ ಕಂಡರೆ ದೂರದಿಂದ ನೋಡಿ. ಅದು ಕಣ್ಣು ಅರಳಿಸಿ ನಿಮ್ಮನ್ನೇ ದಿಟ್ಟಿಸುತ್ತಿದ್ದರೆ, ನೀವು ಆಗಲೇ ಹೆಚ್ಚು ಹತ್ತಿರ ಬಂದಿದ್ದೀರಿ. ಫೋಟೋಗಾಗಿ ಇಲಿ ಹಾಕಿ ಕರೆಯುವುದು, ಫೋನಿನಲ್ಲಿ ಕೂಗು ನುಡಿಸುವುದು ಬೇಡ. ಗೂಬೆ ಮಲಗಿರುವ ಮರ, ಗೂಡಿರುವ ಜಾಗ ಇವನ್ನು ಇನ್‌ಸ್ಟಾಗ್ರಾಮ್‌ನಲ್ಲಿ ಹಾಕಬೇಡಿ. ಈಬರ್ಡ್ ಕೂಡ ಅಪಾಯದಲ್ಲಿರುವ ಕೆಲವು ಹಕ್ಕಿಗಳ ಜಾಗವನ್ನು ಮರೆಮಾಡುತ್ತದೆ.

ಕೊನೆಯದಾಗಿ ಇನ್ನೊಂದು ಬಗೆಯ ಅಪರೂಪ. ಇದು ದಾರಿ ತಪ್ಪಿ ಬಂದದ್ದಲ್ಲ, ಇದೇ ಅದರ ಮನೆ. ಪೈಪಿಂಗ್ ಪ್ಲವರ್ ಎಂಬ ಮುಷ್ಟಿ ಗಾತ್ರದ, ಒಣ ಮರಳಿನ ಬಣ್ಣದ ಹಕ್ಕಿ ಮಾರ್ಚ್ ಕೊನೆಗೆ ಇಲ್ಲಿನ ಕಡಲ ತೀರಗಳಿಗೆ ಬರುತ್ತದೆ. ಬಾಸ್ಟನ್ನಿನ ಬ್ಲೂ ಲೈನ್ ರೈಲು ಇಳಿದು ನಡೆದು ಹೋಗಬಹುದಾದ ರಿವಿಯರ್ ಬೀಚಿನಲ್ಲೂ ಅದು ಗೂಡು ಮಾಡುತ್ತದೆ. ಗೂಡು ಅಂದರೆ ಮರಳಿನಲ್ಲಿ ಒಂದು ಸಣ್ಣ ಕುಳಿ, ಅದರಲ್ಲಿ ನಾಲ್ಕು ಮೊಟ್ಟೆ. ನಮ್ಮ ಊರಿನ ಟಿಟ್ಟಿಭ ಇದರ ಹತ್ತಿರದ ನೆಂಟ, ಅದೂ ಹೀಗೇ ಬರಿ ನೆಲದ ಮೇಲೆ ಕಲ್ಲಿನ ಬಣ್ಣದ ಮೊಟ್ಟೆ ಇಡುತ್ತದೆ. ಪಂಚತಂತ್ರದಲ್ಲಿ ಕಡಲ ದಡದಲ್ಲಿ ಮೊಟ್ಟೆಯಿಟ್ಟ ಟಿಟ್ಟಿಭ ದಂಪತಿಯ ಕತೆ ಇದೆ. ಸಮುದ್ರ ಮೊಟ್ಟೆಗಳನ್ನು ಕದ್ದೊಯ್ಯುತ್ತದೆ. ಹಕ್ಕಿಗಳೆಲ್ಲ ಸೇರಿ ಗರುಡನಲ್ಲಿ ದೂರು ಹೇಳುತ್ತವೆ. ಕೊನೆಗೆ ಸಮುದ್ರ ಮೊಟ್ಟೆ ಹಿಂದಿರುಗಿಸುತ್ತದೆ. ಪ್ಲವರ್‌ಗೆ ಸಮುದ್ರದ ಜೊತೆಗೆ ನಮ್ಮ ಕಾಲು, ನಮ್ಮ ನಾಯಿ, ನಮ್ಮ ಫುಟ್‌ಬಾಲ್ ಕೂಡ ಶತ್ರು. ಮೊಟ್ಟೆ ಮರಳಿನಂತೆಯೇ ಇರುವುದರಿಂದ ತುಳಿದವರಿಗೆ ತುಳಿದದ್ದೂ ಗೊತ್ತಾಗುವುದಿಲ್ಲ.

1986ರಲ್ಲಿ ಅಮೆರಿಕ ಸರ್ಕಾರ ಇದನ್ನು ಅಪಾಯದ ಪಟ್ಟಿಗೆ ಸೇರಿಸಿದಾಗ ಮ್ಯಾಸಚೂಸೆಟ್ಸ್‌ನಲ್ಲಿ ಉಳಿದಿದ್ದದ್ದು 150ಕ್ಕಿಂತ ಕಡಿಮೆ ಜೋಡಿ. ಈಗ 1000 ಜೋಡಿ ದಾಟಿದೆ. ಮಾಡಿದ್ದು ದೊಡ್ಡ ವಿಜ್ಞಾನವೇನಲ್ಲ: ಗೂಡಿನ ಸುತ್ತ ಗೂಟ ನೆಟ್ಟು ಹಗ್ಗ ಕಟ್ಟಿದರು, ಬೋರ್ಡ್ ಹಾಕಿದರು, ನಾಯಿಗಳನ್ನು ದೂರವಿಟ್ಟರು, ಸ್ವಯಂಸೇವಕರು ಬಿಸಿಲಲ್ಲಿ ನಿಂತು ಬಂದವರಿಗೆ ತಾಳ್ಮೆಯಿಂದ ವಿಷಯ ಹೇಳಿದರು. ಪ್ಲಮ್ ಐಲ್ಯಾಂಡ್‌ನ ಪಾರ್ಕರ್ ರಿವರ್ ವನ್ಯಧಾಮದಲ್ಲಿ ಏಪ್ರಿಲ್ 1ರಿಂದ ಬೀಚನ್ನೇ ಮುಚ್ಚುತ್ತಾರೆ. ಕತೆಯ ಗರುಡನ ಕೆಲಸವನ್ನು ಇಲ್ಲಿ ಒಂದು ನೂಲಿನ ಹಗ್ಗ ಮಾಡುತ್ತಿದೆ. ಮುಂದಿನ ಸಲ ಬೀಚಿನಲ್ಲಿ ಆ ಹಗ್ಗ ಕಂಡು "ಇದೇನು ಅಡ್ಡ" ಅನಿಸಿದರೆ ಇದನ್ನು ನೆನಪಿಸಿಕೊಳ್ಳಿ.

ನೀವು ಲಂಡನ್ನಿನಲ್ಲಿರಿ, ಸಿಡ್ನಿಯಲ್ಲಿರಿ, ದುಬೈಯಲ್ಲಿರಿ, ಈ ಕೆಲಸವನ್ನು ಮನೆ ಹತ್ತಿರದ ಒಂದೇ ಜಾಗದಿಂದ ಶುರು ಮಾಡಿ: ಒಂದು ಕೊಳ, ಒಂದು ಪಾರ್ಕು, ಶಾಲೆಯ ಹಿಂದಿನ ಮೈದಾನ. ವಾರಕ್ಕೊಮ್ಮೆ ಇಪ್ಪತ್ತು ನಿಮಿಷ ನಿಂತು, ಕಂಡದ್ದನ್ನೆಲ್ಲ ಎಣಿಸಿ ಬರೆಯಿರಿ. ಮೊದಲ ವಾರ ಪಟ್ಟಿಯಲ್ಲಿ ನಾಲ್ಕೇ ಹೆಸರು ಬರಬಹುದು. ಪಾರಿವಾಳ ಇದ್ದರೆ ಪಾರಿವಾಳವನ್ನೇ ಬರೆಯಿರಿ. ಮನೆಯಲ್ಲಿ ಹಿರಿಯರಿದ್ದರೆ ಅವರಿಗೆ ಹಕ್ಕಿ ತೋರಿಸಿ "ಇಂಥದ್ದಕ್ಕೆ ನಿಮ್ಮ ಊರಲ್ಲಿ ಏನಂತಾರೆ?" ಅಂತ ಕೇಳಿ. ಗೊರವ, ಮಿಂಚುಳ್ಳಿ, ಮರಕುಟಿಗ, ಟಿಟ್ಟಿಭ. ನೋಡುತ್ತ ಕಲಿತ ಹೆಸರು ಮರೆತುಹೋಗುವುದಿಲ್ಲ. ಒಂದು ವರ್ಷ ಹೀಗೆ ಮಾಡಿದರೆ ಆ ಜಾಗದ ಹಕ್ಕಿಗಳು ನಿಮಗೆ ಅಕ್ಕಪಕ್ಕದ ಮನೆಯವರಷ್ಟು ಪರಿಚಯವಾಗುತ್ತವೆ. ಆಮೇಲೆ ಒಂದು ಬೆಳಿಗ್ಗೆ ಅಲ್ಲಿ ಹೊಸಬರು ಬಂದು ಕೂತರೆ, ಅದನ್ನು ಮೊದಲು ಗುರುತಿಸುವವರು ನೀವೇ ಆಗಿರುತ್ತೀರಿ.